ಆಫ್ರಿಕಾಕ್ಕೆ ಹೋದರೆ ಸಿಂಹ ನೋಡೋದಾ, ಕಾಫಿ ಕಾಡು ನೋಡೋದಾ?

ಗೋಣಿಬೀಡು ತೋಟದವ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಇವತ್ತು ಬೆಳಗಿನಿಂದ ಮಳೆ ಬಿಟ್ಟಿಲ್ಲ, ಪುಣ್ಯಕ್ಕೆ ಕರೆಂಟು ಇದೆ. ಕೇಳಿಬಿಡೋಣ ಅನ್ನಿಸಿತು.

ನನಗೆ 61 ವರ್ಷ. ಮೂಡಿಗೆರೆ ಹತ್ತಿರ ಹನ್ನೆರಡು ಎಕರೆ ತೋಟ. ನಾಲ್ಕು ಎಕರೆ ಅರೇಬಿಕಾ ಕಾಫಿ, ಉಳಿದದ್ದು ರೋಬಸ್ಟಾ, ಮರಕ್ಕೆ ಮೆಣಸು. ಕಾಫಿಗೆ ಒಳ್ಳೆ ರೇಟು ಬಂದಾಗ ಸಾಲ ತೀರಿಸಿದೆ, ಸ್ವಲ್ಪ ಉಳಿಯಿತು. ಮಗ ಬೆಂಗಳೂರಿನಲ್ಲಿ ಇದ್ದಾನೆ. "ಅಪ್ಪಾ, ಕೈಕಾಲು ಗಟ್ಟಿ ಇರುವಾಗಲೇ ಅಮ್ಮನ್ನ ಕರಕೊಂಡು ಎಲ್ಲಾದರೂ ದೂರ ಹೋಗಿ ಬಾ, ಅರ್ಧ ದುಡ್ಡು ನಂದು" ಅಂದ. ಎಲ್ಲಿಗೆ ಅಂತ ಕೇಳಿದರೆ ನಾವಿಬ್ಬರೂ ಆಫ್ರಿಕಾ ಅಂದೆವು. ಅಲ್ಲಿಗೆ ನಮ್ಮ ಒಮ್ಮತ ಮುಗಿಯಿತು.

ನಮ್ಮ ಮನೆಯವರಿಗೆ ಸಿಂಹ ನೋಡಬೇಕು. ಟಿವಿಯಲ್ಲಿ ಬರುತ್ತದಲ್ಲ, ಸಾವಿರಾರು ಪ್ರಾಣಿ ಒಟ್ಟಿಗೆ ಹೊಳೆಗೆ ಹಾರುವುದು, ಕೆಳಗೆ ಮೊಸಳೆ ಕಾಯುವುದು, ಅದನ್ನು ಕಣ್ಣಾರೆ ನೋಡಬೇಕಂತೆ. ನನಗೆ ಇಥಿಯೋಪಿಯಾದ ಕಾಫಾ ಕಾಡು ನೋಡಬೇಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ತರಬೇತಿಗೆ ಹೋಗಿದ್ದಾಗ ಅರೇಬಿಕಾ ಹುಟ್ಟಿದ್ದು ಆ ಕಾಡುಗಳಲ್ಲಿ ಅಂತ ಕೇಳಿದ್ದೆ. ಅವತ್ತಿನಿಂದ ತಲೆಯಲ್ಲಿ ಕೂತಿದೆ. ನಲವತ್ತು ವರ್ಷದಿಂದ ಆ ಗಿಡದ ಜೊತೆ ಜೀವನ ಮಾಡಿದ್ದೇನೆ. ಬೋರರ್ ಹುಳ ಬಂದಾಗ ಬೈದಿದ್ದೇನೆ, ಹೂವು ಬಿಟ್ಟಾಗ ರಾತ್ರಿ ಎದ್ದು ಹೋಗಿ ವಾಸನೆ ನೋಡಿದ್ದೇನೆ. ಅದರ ತವರು ಹೇಗಿದೆ ಅಂತ ಒಮ್ಮೆ ನೋಡಬಾರದಾ? ಮನೆಯವರು ಹೇಳುವುದು, "ಕಾಫಿ ಗಿಡ ನೋಡೋಕೆ ವಿಮಾನ ಹತ್ತಬೇಕಾ? ಕಿಟಕಿ ತೆಗೀರಿ ಸಾಕು."

ನನ್ನ ಪ್ರಶ್ನೆಗಳು ಇಷ್ಟು. ಹದಿನೈದು ದಿನದಲ್ಲಿ ಎರಡೂ ಆಗುತ್ತದಾ? ನನಗೆ ಬಿಡುವು ಇರುವುದು ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ. ನವೆಂಬರ್ ಬಂದರೆ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಆಮೇಲೆ ಹೂವಿಗೆ ನೀರು ಹೊಡೆಯುವ ಕೆಲಸ. ಮನೆಯವರು ಮಾಂಸ ಮುಟ್ಟುವುದಿಲ್ಲ, ಅವರಿಗೆ ಊಟ ಸಿಗುತ್ತದಾ? ಲಸಿಕೆ ಏನೋ ಬೇಕಂತೆ, ಅದೇನು?

ದಯವಿಟ್ಟು ಪ್ಯಾಕೇಜ್ ಟೂರ್ ಹೆಸರು ಹೇಳಬೇಡಿ. ಹಿಂದೆ ಒಬ್ಬರು ಉತ್ತರ ಭಾರತ ತೋರಿಸುತ್ತೇವೆ ಅಂತ ಕರೆದುಕೊಂಡು ಹೋಗಿ ಮೂರು ಗಂಟೆ ಕಂಬಳಿ ಅಂಗಡಿಯಲ್ಲಿ ಕೂರಿಸಿ, ಅರಮನೆಗೆ ಇಪ್ಪತ್ತು ನಿಮಿಷ ಕೊಟ್ಟರು. ಆ ಕಂಬಳಿ ಈಗ ನಮ್ಮ ನಾಯಿ ಹಾಸಿಕೊಂಡಿದೆ.

ಆಲೂರು ಹುಡುಗ:

ಗೌಡ್ರೇ, ಪ್ರಾಣಿ ನೋಡೋಕೆ ಆಫ್ರಿಕಾ ಯಾಕೆ? ಆನೆ ಬೇಕಾದರೆ ನಮ್ಮ ಗದ್ದೆಗೆ ಬನ್ನಿ. ಟಿಕೆಟ್ ಇಲ್ಲ, ವೀಸಾ ಇಲ್ಲ. ರಾತ್ರಿ ಹನ್ನೊಂದಕ್ಕೆ ಶೋ ಶುರು. ಮೊಬೈಲಿಗೆ ಮೆಸೇಜ್ ಬೇರೆ ಬರುತ್ತೆ, "ನಿಮ್ಮ ಹತ್ತಿರ ಆನೆ ಇದೆ" ಅಂತ. ಮೆಸೇಜ್ ಓದುವಷ್ಟರಲ್ಲಿ ಬಾಳೆ ಖಾಲಿ.

ಬೇಲೂರು ಮೇಷ್ಟ್ರು:

ಗೌಡ್ರೇ, ನಿಮ್ಮ ಪ್ರಶ್ನೆ ನನಗೇ ಬರೆದ ಹಾಗಿದೆ. ನಾನು ಇಥಿಯೋಪಿಯಾದ ಜಿಮ್ಮಾದಲ್ಲಿ ನಾಲ್ಕು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವನು, 2009ರಿಂದ 2013ರವರೆಗೆ. ಇಥಿಯೋಪಿಯಾದಲ್ಲಿ ಇಂಡಿಯಾದ ಮೇಷ್ಟ್ರುಗಳು ಹೊಸದೇನಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಿಂದಲೂ ಹೋಗುತ್ತಿದ್ದಾರೆ. ಅಲ್ಲಿನ ವಯಸ್ಸಾದವರು ನನ್ನ ಮುಖ ನೋಡಿದ ತಕ್ಷಣ, ಹೆಸರು ಕೇಳುವ ಮುಂಚೆಯೇ, "ಟೀಚರ್" ಅನ್ನುತ್ತಿದ್ದರು.

ಮೊದಲ ವಾರದ ಕಥೆ ಹೇಳುತ್ತೇನೆ. ಇಲಾಖೆಯವರು "ನಾಳೆ ಮೂರು ಗಂಟೆಗೆ ಮೀಟಿಂಗ್" ಅಂದರು. ನಾನು ಊಟ ಮಾಡಿ, ಸಣ್ಣ ನಿದ್ದೆ ತೆಗೆದು, ಇಸ್ತ್ರಿ ಶರ್ಟು ಹಾಕಿಕೊಂಡು ಮಧ್ಯಾಹ್ನ ಮೂರಕ್ಕೆ ಹೋದೆ. ಬಾಗಿಲಿಗೆ ಬೀಗ. ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲಿಂದ. ಅವರ ಮೂರು ಅಂದರೆ ನಮ್ಮ ಬೆಳಿಗ್ಗೆ ಒಂಬತ್ತು. ಮೀಟಿಂಗ್ ಶುರುವಾಗಬೇಕಿದ್ದ ಹೊತ್ತು ದಾಟಿ ಆರು ತಾಸು ಆಗಿತ್ತು. ನಮ್ಮಜ್ಜಿಯೂ ಹೊತ್ತು ಹುಟ್ಟಿದ್ದರಿಂದಲೇ ಘಳಿಗೆ ಲೆಕ್ಕ ಹಾಕುತ್ತಿದ್ದರು. ಹಾಗೆ ನೋಡಿದರೆ ಅವರದ್ದೇ ಸರಿ ಅನ್ನಿಸುತ್ತದೆ. ವರ್ಷಕ್ಕೂ ಹದಿಮೂರು ತಿಂಗಳು. ಮೂವತ್ತು ದಿನದ ಹನ್ನೆರಡು, ಕೊನೆಗೆ ಐದೋ ಆರೋ ದಿನದ ಒಂದು ಪುಟ್ಟ ತಿಂಗಳು. ಇಸವಿ ನಮಗಿಂತ ಏಳೆಂಟು ವರ್ಷ ಹಿಂದೆ. ನೀವು ಅಲ್ಲಿಗೆ ಹೋದರೆ 61 ಅಲ್ಲ, 53 ಅಂತ ಮನೆಯವರಿಗೆ ಹೇಳಿಬಿಡಿ. ಬಸ್ ಟಿಕೆಟ್ ತೆಗೆದುಕೊಳ್ಳುವಾಗ ಮಾತ್ರ "ನಿಮ್ಮ ಗಂಟೆಯೋ, ನಮ್ಮ ಗಂಟೆಯೋ" ಅಂತ ಕೇಳಲೇಬೇಕು.

ಈಗ ಕಾಫಿಗೆ ಬರೋಣ. ಜಿಮ್ಮಾದಿಂದ ನೈಋತ್ಯಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಬೊಂಗಾ ಊರು. ಅದೇ ಕಾಫಾ ಸೀಮೆಯ ಮುಖ್ಯ ಪಟ್ಟಣ. ಒಂದು ಕಾಲಕ್ಕೆ ಕಾಫಾ ಬೇರೆಯೇ ರಾಜ್ಯ ಆಗಿತ್ತು. 1897ರಲ್ಲಿ ಮೆನೆಲಿಕ್ ಚಕ್ರವರ್ತಿಯ ಸೈನ್ಯ ಅದನ್ನು ಗೆದ್ದುಕೊಂಡಿತು. ಅಲ್ಲಿನ ಕಾಡನ್ನು ಯುನೆಸ್ಕೋ 2010ರಲ್ಲಿ ಜೀವಗೋಳ ಮೀಸಲು ಪ್ರದೇಶ ಅಂತ ಘೋಷಿಸಿತು.

ಆ ಕಾಡಿನ ಗಿಡ ನೋಡಿದರೆ ನಿಮಗೆ ಮೊದಲು ನಗು ಬರುತ್ತದೆ, ಆಮೇಲೆ ಮಾತು ನಿಲ್ಲುತ್ತದೆ. ಸವರುವವರಿಲ್ಲ, ಚಿಗುರು ತೆಗೆಯುವವರಿಲ್ಲ, ಗೊಬ್ಬರ ಇಲ್ಲ. ದೊಡ್ಡ ಮರಗಳ ಅಡಿಯಲ್ಲಿ ಬೆಳಕು ಹುಡುಕಿಕೊಂಡು ಸಣಕಲಾಗಿ, ನಮ್ಮ ಎರಡಾಳು ಎತ್ತರ ಬೆಳೆದಿರುತ್ತದೆ. ಒಂದು ಕೊಂಬೆಯಲ್ಲಿ ನಾಲ್ಕು ಹಣ್ಣು, ಇನ್ನೊಂದರಲ್ಲಿ ಏನೂ ಇಲ್ಲ. ನಮ್ಮಲ್ಲಿ ಅಂಥ ಗಿಡ ಇದ್ದರೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಮೇಲೆ ಕೂಗಾಡುತ್ತೇವೆ. ಆದರೆ ಬಗ್ಗಿ ನೋಡಿದರೆ ನೆಲದ ತುಂಬ ತಾನಾಗಿ ಹುಟ್ಟಿದ ಕಾಫಿ ಸಸಿ. ಯಾರೂ ನೆಟ್ಟದ್ದಲ್ಲ. ಪಕ್ಕಪಕ್ಕದ ಎರಡು ಗಿಡದ ಎಲೆ ಬೇರೆ, ಹಣ್ಣಿನ ಆಕಾರ ಬೇರೆ. ನಮ್ಮ ತೋಟಗಳಲ್ಲಿ ಸಾಲಾಗಿ ನಿಂತಿರುವುದೆಲ್ಲ ಆ ದೊಡ್ಡ ಸಂಸಾರದ ಒಂದೆರಡು ಮನೆಯವರು ಮಾತ್ರ.

ಮರದ ಮೇಲೆ ಉದ್ದನೆಯ ಕೊಳವೆ ಹಾಗೆ ಜೇನುಗೂಡು ಕಟ್ಟಿರುತ್ತಾರೆ. ಕೆಳಗೆ ಕೊರಾರಿಮಾ ಅಂತ ಏಲಕ್ಕಿಯ ದಾಯಾದಿ ಬೆಳೆದಿರುತ್ತದೆ, ಕಾಯಿ ನಮ್ಮ ಏಲಕ್ಕಿಗಿಂತ ದಪ್ಪ. ಕಪ್ಪು ಬಿಳುಪಿನ ಕೊಲೊಬಸ್ ಮಂಗ ಮೇಲಿಂದ ನೋಡುತ್ತಿರುತ್ತದೆ. ಮನೆಗಳ ಹಿತ್ತಲಲ್ಲಿ ಬಾಳೆ ಅಂತ ನೀವು ಅಂದುಕೊಳ್ಳುವುದು ಬಾಳೆಯಲ್ಲ, ಎನ್ಸೆಟ್. ಅದರ ಹಣ್ಣು ತಿನ್ನುವುದಿಲ್ಲ. ಬುಡದ ಗಡ್ಡೆ ಮತ್ತು ದಿಂಡನ್ನು ತುರಿದು, ಮಣ್ಣಲ್ಲಿ ಹುಳಿ ಬರಿಸಿ, ರೊಟ್ಟಿ ಮಾಡುತ್ತಾರೆ. ನಾನು ಒಮ್ಮೆ ತಿಂದೆ. ಎರಡನೇ ಸಲ ಬಡಿಸಿದಾಗ ಹೊಟ್ಟೆ ತುಂಬಿದೆ ಅಂದೆ.

ಅಲ್ಲಿ ಕಾಫಿಗೆ "ಬುನಾ" ಅನ್ನುತ್ತಾರೆ. ಬೆಳೆದದ್ದರಲ್ಲಿ ಸುಮಾರು ಅರ್ಧ ಅವರೇ ಕುಡಿಯುತ್ತಾರೆ. ನಮ್ಮ ಹಾಗೆ ಹೆಚ್ಚಿನದ್ದನ್ನು ಹಡಗಿಗೆ ಹಾಕಿ, ಕೊನೆಗೆ ಚಿಕೋರಿ ಬೆರೆಸಿ ಕುಡಿಯುವವರಲ್ಲ. ಅಲ್ಲಿ ನಾನಿದ್ದ ಮನೆಯ ಯಜಮಾನಿ ದಿನಾ ಮಧ್ಯಾಹ್ನ ಬುನಾಗೆ ಕರೆಯುತ್ತಿದ್ದರು. ನೆಲಕ್ಕೆ ಹಸಿ ಹುಲ್ಲು ಹರಡುತ್ತಾರೆ, ಧೂಪ ಹಾಕುತ್ತಾರೆ. ಹಸಿ ಬೀಜ ತೊಳೆದು, ಕಾವಲಿಯ ಮೇಲೆ ನಿಮ್ಮ ಕಣ್ಣೆದುರೇ ಹುರಿಯುತ್ತಾರೆ. ಹೊಗೆ ಏಳುವಾಗ ಕಾವಲಿಯನ್ನು ಒಬ್ಬೊಬ್ಬರ ಮುಂದೆ ತರುತ್ತಾರೆ. ಮಂಗಳಾರತಿ ತಗೊಂಡ ಹಾಗೆ ಕೈಯಿಂದ ಹೊಗೆ ಎಳೆದುಕೊಳ್ಳಬೇಕು. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಕೂಜದಲ್ಲಿ ಕುದಿಸಿ, ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ಎತ್ತರದಿಂದ ಸುರಿಯುತ್ತಾರೆ. ಮೂರು ಸುತ್ತು. ಅಬೋಲ್, ತೋನಾ, ಬರಕಾ. ಅದೇ ಪುಡಿಗೆ ಮತ್ತೆ ಮತ್ತೆ ನೀರು, ಹಾಗಾಗಿ ಮೂರನೆಯದು ತೆಳುವು. ಆದರೆ ಬರಕಾ ಕುಡಿಯದೆ ಎದ್ದರೆ ಅವರಿಗೆ ಬೇಜಾರು. ಹೆಸರಿನ ಅರ್ಥವೇ ಆಶೀರ್ವಾದ. ಜೊತೆಗೆ ಕೊಡುವುದು ಬಿಸ್ಕತ್ತಲ್ಲ, ಜೋಳದ ಅರಳು. ಎಲ್ಲ ಸೇರಿ ಒಂದು ಗಂಟೆಗೆ ಕಡಿಮೆ ಇಲ್ಲ. ಆ ಬೀದಿಯ ಅಷ್ಟೂ ಸುದ್ದಿ ನನಗೆ ಗೊತ್ತಾಗುತ್ತಿದ್ದುದು ಅಲ್ಲೇ.

ರಜೆಗೆ ಬಂದಾಗ ಚಿಕ್ಕಮಗಳೂರಿನಿಂದ ಫಿಲ್ಟರ್ ಪುಡಿ ಒಯ್ದು, ಹಾಲು ಹಾಕಿ, ಲೋಟದಲ್ಲಿ ನೊರೆ ಬರಿಸಿ ಆ ಯಜಮಾನಿಗೆ ಕೊಟ್ಟೆ. ಒಂದು ಗುಟುಕು ಕುಡಿದು, ಬಹಳ ಮರ್ಯಾದೆಯಿಂದ, "ಮಗುವಿಗೆ ಜ್ವರ ಬಂದಾಗ ಒಳ್ಳೆಯದಿರಬಹುದು" ಅಂದರು.

ಬೇಲೂರಿನವನಾಗಿ ಲಾಲಿಬೆಲಾ ಬಗ್ಗೆ ಹೇಳದೆ ಹೋದರೆ ಚನ್ನಕೇಶವ ಮೆಚ್ಚುವುದಿಲ್ಲ. ಉತ್ತರದಲ್ಲಿ ಸುಮಾರು 2,500 ಮೀಟರ್ ಎತ್ತರದ ಗುಡ್ಡದ ಊರು. ಅಲ್ಲಿ ಕಲ್ಲಿನ ಹನ್ನೊಂದು ಚರ್ಚುಗಳಿವೆ. ಕಟ್ಟಿದ್ದಲ್ಲ, ಕಡಿದದ್ದು. ನೆಲಮಟ್ಟದ ಬಂಡೆಯನ್ನು ಮೇಲಿಂದ ಕೆಳಕ್ಕೆ ಕೊರೆದು, ಸುತ್ತ ಕಂದಕ ತೆಗೆದು, ಆಮೇಲೆ ಒಳಗೆ ಕಂಬ, ಬಾಗಿಲು, ಕಿಟಕಿ ಬಿಡಿಸಿದ್ದಾರೆ. ಎಲ್ಲೋರದ ಕೈಲಾಸ ನೋಡಿದವರಿಗೆ ಗೊತ್ತಾಗುತ್ತದೆ. ಬೆಟೆ ಗಿಯೋರ್ಗಿಸ್ ಅನ್ನುವ ಚರ್ಚು ಶಿಲುಬೆ ಆಕಾರದ್ದು. ದೂರದಿಂದ ಕಾಣುವುದೇ ಇಲ್ಲ. ಬಯಲಲ್ಲಿ ನಡೆಯುತ್ತಾ ಹೋಗಿ, ಇದ್ದಕ್ಕಿದ್ದ ಹಾಗೆ ಕಾಲ ಬುಡದಲ್ಲಿ ಅದರ ತಾರಸಿ. ಕೆಳಗೆ ನೋಡಿದರೆ ಹನ್ನೆರಡು ಮೀಟರ್ ಆಳ. ನನಗೆ ಕಾಲು ನಡುಗಿತು.

ಕಾಲ ನೋಡಿ. ಲಾಲಿಬೆಲಾ ರಾಜ ಆಳಿದ್ದು 12ನೇ ಶತಮಾನದ ಕೊನೆ, 13ನೆಯದರ ಶುರು. ಆಗ ನಮ್ಮ ಹಳೇಬೀಡಿನಲ್ಲಿ ಎರಡನೇ ವೀರಬಲ್ಲಾಳ, 1173ರಿಂದ 1220. ಇಲ್ಲಿ ಬಳಪದ ಕಲ್ಲಲ್ಲಿ ಮದನಿಕೆಯ ಬಳೆ ಬಿಡಿಸಿ ಇನ್ನೂ ನೂರು ವರ್ಷ ಆಗಿರಲಿಲ್ಲ, ಅಲ್ಲಿ ಅವರು ಜ್ವಾಲಾಮುಖಿಯ ಕಲ್ಲಿನೊಳಗೆ ಇಳಿಯುತ್ತಿದ್ದರು. ಒಬ್ಬರಿಗೆ ಇನ್ನೊಬ್ಬರ ಹೆಸರೂ ಗೊತ್ತಿರಲಿಲ್ಲ. ನಮಗೆ ಜಕಣಾಚಾರಿ, ಕಪ್ಪೆ ಚನ್ನಿಗರಾಯನ ಕಥೆ ಇದ್ದ ಹಾಗೆ ಅವರಿಗೂ ಒಂದು ಕಥೆ ಇದೆ. ಹಗಲು ಮನುಷ್ಯರು ಕಡಿಯುತ್ತಿದ್ದರಂತೆ, ರಾತ್ರಿ ದೇವದೂತರು ಬಂದು ಅದರ ಎರಡರಷ್ಟು ಕಡಿದು ಹೋಗುತ್ತಿದ್ದರಂತೆ. ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಶುರುವಾದದ್ದೇ 1978ರಲ್ಲಿ, ಮೊದಲ ಹನ್ನೆರಡು ಜಾಗಗಳಲ್ಲಿ ಲಾಲಿಬೆಲಾ ಒಂದು. ನಮ್ಮ ಬೇಲೂರು ಹಳೇಬೀಡು ಸೇರಿದ್ದು 2023ರಲ್ಲಿ. ಇನ್ನೊಂದು ವ್ಯತ್ಯಾಸ ಇದೆ. ಅಲ್ಲಿ ಒಳಗೆ ಇವತ್ತಿಗೂ ಪೂಜೆ, ಬಿಳಿ ಬಟ್ಟೆ ಹೊದ್ದ ಮುದುಕಿಯರು ಗೋಡೆಗೆ ಹಣೆ ಹಚ್ಚಿ ನಿಂತಿರುತ್ತಾರೆ. ಚಪ್ಪಲಿ ಹೊರಗೇ ಬಿಡಬೇಕು. ಹಳೇಬೀಡಿನ ಅಂಗಳದಲ್ಲಿ ನಿಂತಾಗ ನನಗೆ ಕೊರತೆ ಅನ್ನಿಸುವುದು ಅದೇ.

ಇಷ್ಟೆಲ್ಲ ಹೇಳಿ ಈಗ ಕಹಿ ಮಾತು. ಲಾಲಿಬೆಲಾ ಇರುವುದು ಅಮ್ಹಾರಾ ಪ್ರಾಂತ್ಯದಲ್ಲಿ. 2023ರ ಆಗಸ್ಟ್‌ನಿಂದ ಅಲ್ಲಿ ಸೈನ್ಯಕ್ಕೂ ಫಾನೋ ಅನ್ನುವ ಹೋರಾಟಗಾರರಿಗೂ ಕಾದಾಟ. ಅದಕ್ಕೂ ಮುಂಚೆ 2020ರಿಂದ ಎರಡು ವರ್ಷ ಪಕ್ಕದ ಟಿಗ್ರೆ ಪ್ರಾಂತ್ಯದ ಯುದ್ಧ. ನನ್ನ ತಮ್ಮನಾಗಿದ್ದರೂ ಈಗ ಹೋಗು ಅನ್ನುತ್ತಿರಲಿಲ್ಲ. ಸಿಮಿಯನ್ ಬೆಟ್ಟ, ಗೊಂಡರ್ ಕೋಟೆ ಕೂಡ ಅದೇ ಕಡೆ. ಜಿಮ್ಮಾ, ಬೊಂಗಾ ದಕ್ಷಿಣಕ್ಕೆ, ಅದು ಬೇರೆ ದಿಕ್ಕು. ಆದರೂ ಟಿಕೆಟ್ ಮಾಡುವ ಮುಂಚೆ ಆಡಿಸ್ ಅಬಾಬಾದ ನಮ್ಮ ರಾಯಭಾರ ಕಚೇರಿಯ ಸೂಚನೆ ನೋಡಿಕೊಳ್ಳಿ. ರಸ್ತೆಯಲ್ಲಿ ಹೋಗುವ ಬದಲು ಆಡಿಸ್‌ನಿಂದ ಜಿಮ್ಮಾಕ್ಕೆ ವಿಮಾನ ಹಿಡಿಯಿರಿ.

ಮನೆಯವರ ಊಟಕ್ಕೆ ಚಿಂತೆ ಬೇಡ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಾರೆ. ಉಪವಾಸ ಅಂದರೆ ಮಾಂಸ ಮಾತ್ರ ಅಲ್ಲ, ಹಾಲು ತುಪ್ಪವೂ ಇಲ್ಲ. "ತ್ಸೋಮ್" ಅಂತ ಕೇಳಿದರೆ ಸಾಕು. ಇಂಜೆರಾ ಬರುತ್ತದೆ, ಟೆಫ್ ಅನ್ನುವ ಸಣ್ಣ ಕಾಳಿನ ಹಿಟ್ಟು ಹುಳಿ ಬರಿಸಿ ಹುಯ್ದ ದೊಡ್ಡ ದೋಸೆ. ಅದರ ಮೇಲೆ ಬೇಳೆ, ಸೊಪ್ಪು, ಕಡಲೆ ಹಿಟ್ಟಿನ ಶಿರೋ. ಒಂದೇ ತಟ್ಟೆಯಲ್ಲಿ ಎಲ್ಲರೂ ಕೈ ಹಾಕಬೇಕು, ಅದಕ್ಕೆ ನಿಮ್ಮವರು ತಯಾರಾಗಿರಲಿ. ಪ್ರೀತಿ ಜಾಸ್ತಿಯಾದರೆ ತುತ್ತು ಮಾಡಿ ಬಾಯಿಗೇ ಇಡುತ್ತಾರೆ. ಬೇಡ ಅನ್ನಬಾರದು.

ಸಮಯ: ಜೂನ್‌ನಿಂದ ಸೆಪ್ಟೆಂಬರ್ ಅಲ್ಲೂ ಮಳೆಗಾಲ. ಕಾಫಾ ಕೆಸರು ನಮ್ಮ ಕೆಸರಿಗೆ ಅಕ್ಕ. ಅಕ್ಟೋಬರ್‌ನಲ್ಲಿ ಹೋಗಿ. ಗುಡ್ಡವೆಲ್ಲ ಹಳದಿ ಹೂವು, ಕಾಡಲ್ಲಿ ಹಣ್ಣು ಕೆಂಪಾಗಲು ಶುರು. ನಿಮ್ಮ ಕೊಯ್ಲಿಗೆ ವಾಪಸ್ ಬರಬಹುದು.

ಹಾಸನದ ಹುಡುಗಿ, ನೈರೋಬಿ:

ಮೇಷ್ಟ್ರೇ, ನೀವು ಅಂಕಲ್‌ನ ಪೂರ್ತಿ ನಿಮ್ಮ ಕಡೆ ಎಳೆದುಕೊಂಡುಬಿಟ್ಟಿರಿ. ಆಂಟಿ ಪರವಾಗಿ ನಾನು ಮಾತಾಡುತ್ತೇನೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ.

ಆಂಟಿ ಟಿವಿಯಲ್ಲಿ ನೋಡಿದ್ದು ಮಾರಾ ನದಿ. ಹತ್ತು ಲಕ್ಷಕ್ಕೂ ಜಾಸ್ತಿ ವೈಲ್ಡ್‌ಬೀಸ್ಟ್ (ದೊಡ್ಡ ಹುಲ್ಲೆಯ ಜಾತಿ), ಜೊತೆಗೆ ಜೀಬ್ರಾ, ತಾಂಜಾನಿಯಾದ ಸೆರೆಂಗೆಟಿಯಿಂದ ಹುಲ್ಲು ಹುಡುಕಿಕೊಂಡು ಬಂದು, ಜುಲೈನಿಂದ ಅಕ್ಟೋಬರ್‌ವರೆಗೆ ಕೀನ್ಯಾದ ಮಸಾಯಿ ಮಾರಾದಲ್ಲಿ ಇರುತ್ತವೆ. ಆದರೆ ಟಿವಿಯವರು ತಿಂಗಳುಗಟ್ಟಲೆ ಕಾದು ಐದು ನಿಮಿಷ ತೋರಿಸುತ್ತಾರೆ. ನಾವು ಮೊದಲ ಸಲ ದಡದಲ್ಲಿ ಮೂರು ಗಂಟೆ ಕಾದೆವು. ಸಾವಿರಾರು ಪ್ರಾಣಿ ಬಂದು ನಿಂತವು, ನೀರು ನೋಡಿದವು, ಒಂದು ಮುಂದೆ ಕಾಲಿಟ್ಟಿತು, ಹಿಂದೆ ಸರಿಯಿತು. ಎಲ್ಲಾ ವಾಪಸ್! ಮಗ ಅತ್ತೇಬಿಟ್ಟ. ಅದಕ್ಕೇ ಮಾರಾಗೆ ಕನಿಷ್ಠ ಮೂರು ರಾತ್ರಿ ಇಡಿ. ಸಿಂಹ ಸಿಗುವುದು ಕಷ್ಟ ಅಲ್ಲ. ವ್ಯಾನಿನ ನೆರಳಲ್ಲೇ ಮಲಗಿರುತ್ತವೆ.

ದುಡ್ಡಿನ ವಿಷಯ ಮೊದಲೇ ತಿಳಿದಿರಲಿ. ಮಾರಾದಲ್ಲಿ ವಿದೇಶಿಯರಿಗೆ ಒಬ್ಬರಿಗೆ ಒಂದು ದಿನಕ್ಕೆ ಪ್ರವೇಶ ಶುಲ್ಕವೇ 200 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ. ಜನವರಿಯಿಂದ ಜೂನ್ ಅರ್ಧ. 2024ರಿಂದ ಹೀಗೆ ಏರಿಸಿದ್ದಾರೆ. ಗಾಡಿ, ವಸತಿ ಬೇರೆ. ಹಾಗಾಗಿ ಇಡೀ ಟ್ರಿಪ್ಪಿನಲ್ಲಿ ಜೇಬಿಗೆ ಬಿಸಿ ತಟ್ಟುವುದು ಇದೇ ಮೂರು ದಿನ.

ನಾನು ಹೇಳಬೇಕೆಂದಿದ್ದು ಅಂಬೋಸೆಲಿ, ಕೀನ್ಯಾದ ಆನೆಗಳ ರಾಷ್ಟ್ರೀಯ ಉದ್ಯಾನ. ಆಲೂರು ಹುಡುಗನ ಮಾತು ಓದಿ ನಗು ಬಂತು, ಯಾಕೆಂದರೆ ನಮ್ಮಪ್ಪನೂ ಆಲೂರು ಕಡೆಯವರೇ. ಮೂವತ್ತು ವರ್ಷ ಗದ್ದೆ ಕಾದವರು. ಪಟಾಕಿ, ಟಾರ್ಚು, ಅಟ್ಟಣೆ, ಎಲ್ಲಾ ಆಗಿದೆ. ಇಲ್ಲಿಗೆ ಬಂದಾಗ ಅಂಬೋಸೆಲಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಆರೂವರೆ. ಹಿಂದೆ ಕಿಲಿಮಂಜಾರೊ, 5,895 ಮೀಟರ್, ಮೇಲೆ ಹಿಮ, ಇನ್ನೂ ಮೋಡ ಮುಚ್ಚಿರಲಿಲ್ಲ. ಮುಂದೆ ಬಯಲು, ಮರ ಕೂಡ ಇಲ್ಲ. ನಲವತ್ತು ಆನೆ ಸಾಲಾಗಿ ನಮ್ಮ ವ್ಯಾನಿನ ಪಕ್ಕದಲ್ಲೇ ದಾಟಿದವು. ಕಿವಿ ನಮ್ಮ ಆನೆಯ ಎರಡರಷ್ಟು. ಹೆಣ್ಣಾನೆಗೂ ದಂತ. ಅಪ್ಪನ ಕೈ ತಾನಾಗಿ ಸೀಟಿನ ಕೆಳಗೆ ಹೋಯಿತು. ಏನು ಹುಡುಕ್ತೀರಿ ಅಂದರೆ, ಟಾರ್ಚ್! ಹತ್ತು ನಿಮಿಷ ಒಂದೂ ಮಾತಿಲ್ಲ. ಕೊನೆಯ ಮರಿ ದಾಟಿದ ಮೇಲೆ ಮೆಲ್ಲಗೆ ಹೇಳಿದರು, "ಹಗಲು ಹೊತ್ತು ಹಿಂಗೆ ಸುಮ್ನೆ ನಡೆಯೋ ಆನೇನ ನಾನು ನೋಡೇ ಇರಲಿಲ್ಲ ಕಣೇ."

ಊಟಕ್ಕೆ ನೈರೋಬಿಯಲ್ಲಿ ಗುಜರಾತಿಗಳ ಪುಣ್ಯ. ಬ್ರಿಟಿಷರು ರೈಲು ಹಾಕಿಸಲು 1896ರಿಂದ ಮೂವತ್ತು ಸಾವಿರಕ್ಕೂ ಜಾಸ್ತಿ ಕೂಲಿಯವರನ್ನು ಇಂಡಿಯಾದಿಂದ ತಂದರು, ಅವರ ಹಿಂದೆ ವ್ಯಾಪಾರಿಗಳು ಬಂದರು. ಇಲ್ಲಿನ ಸ್ವಾಹಿಲಿಯಲ್ಲಿ ಚಪಾತಿ, ಚಾಯ್, ದುಕಾ, ಗಾರಿ ಎಲ್ಲ ಇದೆ. ಗಾರಿ ಅಂದರೆ ನಮ್ಮ ಗಾಡಿಯೇ. ಒಂದು ಗುಟ್ಟು ಹೇಳಲಾ? ಇಲ್ಲಿನವರ ದಿನದ ಊಟ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ರಾಗಿಯದ್ದೂ ಮಾಡುತ್ತಾರೆ. ರಾಗಿಗೆ ಇಲ್ಲಿ ವಿಂಬಿ ಅನ್ನುತ್ತಾರೆ, ಬೆಳಿಗ್ಗೆ ಅದರದ್ದೇ ಗಂಜಿ. ನಾವು ಹಾಸನದವರು ನಮ್ಮದೇ ಅಂದುಕೊಂಡಿರುವ ರಾಗಿಯ ತವರು ಈ ಪೂರ್ವ ಆಫ್ರಿಕಾದ ಎತ್ತರದ ನೆಲ! ಅಂಕಲ್‌ಗೆ ಕಾಫಿಯ ತವರು ನೋಡುವ ಆಸೆ ಆದರೆ, ಆಂಟಿ ಮುದ್ದೆಯ ತವರು ನೋಡಿದ ಹಾಗಾಯಿತು.

ಕಾಫಿ ಬೆಳೆಯುವ ಈ ಕೀನ್ಯಾದಲ್ಲಿ ಜನ ಕುಡಿಯುವುದು ಚಹಾ. ಅದನ್ನು ಮೇಷ್ಟ್ರಿಗೆ ಹೇಳಬೇಡಿ.

ಲಸಿಕೆ: ಕೀನ್ಯಾ, ಇಥಿಯೋಪಿಯಾ ಯಾವುದಕ್ಕಾದರೂ ಹೋಗಿ ವಾಪಸ್ ಬರುವವರನ್ನು ಇಂಡಿಯಾದಲ್ಲೇ ಕೇಳುತ್ತಾರೆ, ಯೆಲ್ಲೋ ಫೀವರ್ ಲಸಿಕೆಯ ಹಳದಿ ಪುಸ್ತಕ. ಇಲ್ಲದಿದ್ದರೆ ಆರು ದಿನದವರೆಗೆ ಬೇರೆ ಇಡಬಹುದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಅಂಕಲ್, ನಿಮಗೆ 60 ದಾಟಿದೆ. ಆ ವಯಸ್ಸಿನ ಮೇಲೆ ಮೊದಲ ಸಲ ಹಾಕಿಸಿಕೊಂಡರೆ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಹಾಗಾಗಿ ಬಿಪಿ, ಶುಗರ್, ಏನು ಮಾತ್ರೆ ತಗೋತೀರಿ ಎಲ್ಲಾ ನಿಮ್ಮ ಡಾಕ್ಟರಿಗೆ ಹೇಳಿ, ಅವರು ಒಪ್ಪಿದ ಮೇಲೆಯೇ ಟಿಕೆಟ್. ಮಾರಾ ಮತ್ತು ಜಿಮ್ಮಾ ಕಡೆ ಮಲೇರಿಯಾ ಇದೆ, ಅದರ ಮಾತ್ರೆಯನ್ನೂ ಕೇಳಿಕೊಳ್ಳಿ.

ಸಕಲೇಶಪುರ ಘಾಟಿ:

ನಾನೊಂದು ಸಣ್ಣ ಸೇರಿಸುತ್ತೇನೆ. ಯಾರಾದರೂ ವಿಕ್ಟೋರಿಯಾ ಜಲಪಾತವನ್ನೂ ಸೇರಿಸಿ ಅಂದರೆ ಅಕ್ಟೋಬರ್‌ನಲ್ಲಿ ಬೇಡ. ನನಗೆ ಒಬ್ಬ ಏಜೆಂಟ್ ನವೆಂಬರ್‌ಗೆ ಬುಕ್ ಮಾಡಿಸಿದ. ಜಾಂಬಿಯಾ ಕಡೆಯಿಂದ ನೋಡಿದರೆ ಬರೀ ಬಂಡೆ. ಏಪ್ರಿಲ್‌ನಲ್ಲಿ ಜೋಗಕ್ಕೆ ಹೋದ ಹಾಗೆ. ಜಿಂಬಾಬ್ವೆ ಕಡೆ ಹೋಗಿ ಸ್ವಲ್ಪ ನೀರು ನೋಡಿ ಬಂದೆ. ಜೋಗ 253 ಮೀಟರ್ ಎತ್ತರ, ಇದು 108 ಮಾತ್ರ. ಆದರೆ ಅಗಲ 1,708 ಮೀಟರ್. ಮಾರ್ಚ್, ಏಪ್ರಿಲ್‌ನಲ್ಲಿ ಜಾಂಬೇಜಿ ನದಿ ತುಂಬಿದಾಗ ಅದರ ಹನಿಯ ಹೊಗೆ ಬಹಳ ದೂರಕ್ಕೆ ಕಾಣುತ್ತದಂತೆ, ಅದಕ್ಕೇ ಅಲ್ಲಿನವರು "ಗುಡುಗುವ ಹೊಗೆ" ಅನ್ನುತ್ತಾರೆ. ನನಗೆ ಹೊಗೆಯೂ ಇಲ್ಲ, ಗುಡುಗೂ ಇಲ್ಲ. ಏಜೆಂಟಿಗೆ ಫೋನ್ ಮಾಡಿದಾಗ ಗುಡುಗಿದ್ದು ನಾನೇ.

ಮತ್ತೆ ಜಾಂಜಿಬಾರ್‌ನಲ್ಲಿ "ಸ್ಪೈಸ್ ಟೂರ್" ಅಂತ ಮಾಡುತ್ತಾರೆ. ಡಾಲರ್ ತಗೊಂಡು ಮೆಣಸಿನ ಬಳ್ಳಿ, ಏಲಕ್ಕಿ, ಜಾಯಿಕಾಯಿ ತೋರಿಸುತ್ತಾರೆ. ಮೂಡಿಗೆರೆಯವರು ಅದಕ್ಕೆ ದುಡ್ಡು ಕೊಟ್ಟರೆ ಊರಿಗೆ ಬಂದ ಮೇಲೆ ಮುಖ ತೋರಿಸುವ ಹಾಗಿಲ್ಲ.

ಗೋಣಿಬೀಡು ತೋಟದವ:

ಎಲ್ಲರಿಗೂ ದೊಡ್ಡ ಉಪಕಾರ. ಮನೆಯವರಿಗೆ ಇಡೀ ಚರ್ಚೆ ಓದಿ ಹೇಳಿದೆ. ಟಾರ್ಚ್ ಹುಡುಕಿದ ಜಾಗದಲ್ಲಿ ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. ನಮ್ಮ ತೋಟಕ್ಕೂ ಹೋದ ವರ್ಷ ಆನೆಗಳು ಬಂದು ಇಪ್ಪತ್ತು ಮೆಣಸಿನ ಮರ ಉರುಳಿಸಿದ್ದವು.

ಡಾಕ್ಟರು ಬಿಪಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಲಸಿಕೆಗೆ ಅಡ್ಡಿಯಿಲ್ಲ ಅಂದರು. ಹೀಗೆ ಅಂದುಕೊಂಡಿದ್ದೇವೆ. ಅಕ್ಟೋಬರ್ ಮೊದಲ ವಾರ ನೈರೋಬಿ. ಮಾರಾ ಮೂರು ರಾತ್ರಿ, ಅಂಬೋಸೆಲಿ ಎರಡು. ಆಮೇಲೆ ನೈರೋಬಿಯಿಂದ ಆಡಿಸ್‌ಗೆ ಎರಡು ಗಂಟೆಯ ವಿಮಾನ ಅಂತೆ. ಜಿಮ್ಮಾ, ಬೊಂಗಾ ಸೇರಿ ಐದು ದಿನ. ರಾಯಭಾರ ಕಚೇರಿ ಬೇಡ ಅಂದರೆ ಆ ಐದು ದಿನ ಕೀನ್ಯಾದಲ್ಲೇ. ಲಾಲಿಬೆಲಾ ಈ ಸಲ ಇಲ್ಲ. ಮೇಷ್ಟ್ರು ಬರೆದದ್ದು ಓದಿ ನಿನ್ನೆ ಸುಮ್ನೆ ಹಳೇಬೀಡಿಗೆ ಹೋಗಿ ಬಂದೆವು. ಎಷ್ಟು ವರ್ಷ ಆಗಿತ್ತೋ!

ಮೇಷ್ಟ್ರೇ, ಒಂದು ಕೊನೆ ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ಆ ಕಾಡಿನಿಂದ ಒಂದು ಏಳು ಬೀಜ ತರಬಹುದಾ? ಏಳೇ ಏಳು.

ಬೇಲೂರು ಮೇಷ್ಟ್ರು:

ಗೌಡ್ರೇ, ಈ ಪ್ರಶ್ನೆ ಬರುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ಬಾಬಾ ಬುಡನ್ ಯೆಮನ್‌ನ ಮೋಖಾದಿಂದ ಏಳು ಬೀಜ ಸೊಂಟಕ್ಕೆ ಕಟ್ಟಿಕೊಂಡು ಬಂದರು ಅಂತ ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ನೀವು ಕಟ್ಟಿಕೊಂಡು ಬರಬೇಡಿ. ಅನುಮತಿ ಇಲ್ಲದೆ ಹಸಿ ಬೀಜ ತರುವ ಹಾಗಿಲ್ಲ, ಅದಕ್ಕೆ ಸರಿಯಾದ ಕಾರಣವೂ ಇದೆ. ಆಫ್ರಿಕಾದಲ್ಲಿ ಕಾಫಿ ಹಣ್ಣಿಗೆ ಬರುವ ಒಂದು ಶಿಲೀಂಧ್ರ ರೋಗ ಇದೆ, ಹಸಿರು ಕಾಯಿಯೇ ಕಪ್ಪಾಗಿ ಉದುರುತ್ತದೆ. ಕೀನ್ಯಾದಲ್ಲಿ 1922ರಲ್ಲಿ ಗುರುತಿಸಿದರು, ಇಥಿಯೋಪಿಯಾಕ್ಕೆ 1971ರಲ್ಲಿ ಬಂತು. ನಮ್ಮಲ್ಲಿ ಅದು ಇಲ್ಲ. ಬೋರರ್ ಒಂದೇ ಸಾಲದಾ?

ಬೇಕಾದರೆ ಸ್ವಲ್ಪ ಹುರಿದ ಬೀಜ ತನ್ನಿ. ಜಿಮ್ಮಾ ಮಾರುಕಟ್ಟೆಯಲ್ಲಿ ಒಂದು ಜೆಬೆನಾ ಕೊಳ್ಳಿ, ಚೌಕಾಶಿ ಮಾಡಿ. ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ನಾನು ತಂದದ್ದು ಪೆಟ್ಟಿಗೆಯಲ್ಲಿ ಹಾಕಿ, ಮುಂಬೈಗೆ ಬರುವಷ್ಟರಲ್ಲಿ ಮೂರು ತುಂಡಾಗಿತ್ತು. ವಾಪಸ್ ಬಂದ ಮೇಲೆ ಬೇಲೂರಿಗೆ ಬನ್ನಿ, ಇಬ್ಬರೂ. ಜೋಳದ ಅರಳು ನಾನು ಮಾಡಿಸಿಟ್ಟಿರುತ್ತೇನೆ.

ಆಲೂರು ಹುಡುಗ:

ಗೌಡ್ರೇ, ನೀವು ಹೋಗೋ ಹದಿನೈದು ದಿನ ತೋಟ ಕಾಯೋರು ಯಾರು?